ಹರಿದ ತುಟಿಯ ಮೀನು

ಮಗುವಿನಷ್ಟು ಉದ್ದದ ಮೀನನ್ನು ಎದೆಗವುಚಿಕೊಂಡು, ತುಂಗಭದ್ರೆಯ ಮೊಣಕಾಲುಮಟ್ಟದ ನೀರಿನಲ್ಲಿ ನಮ್ಮ ಮ್ಯಾನೇಜರು ಫೋಟೊಗೆ ನಿಂತಿದ್ದರು. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿಯಿಂದ ನಮ್ಮ ತಂಡ ಎರಡು ದಿನ ‘ಪ್ರಕೃತಿಯ ಮಡಿಲಿಗೆ’ ಬಂದಿತ್ತು. ಹಿಡಿದ ಮೀನನ್ನು ಫೋಟೊ ತೆಗೆದು ಮತ್ತೆ ನದಿಗೇ ಬಿಡುವುದು ಆ ಶಿಬಿರದ ನಿಯಮ.

ಗಾಳ ಬಿಡಿಸಿಕೊಟ್ಟ ಅಂಬಿಗ ನನ್ನತ್ತ ಬಾಗಿ, “ತುಟಿ ಹರದೈತಿ ನೋಡ್ರಿ ಸರ. ಇದು ಹಳೇ ಮೀನ. ಹ್ವಾದ ವಾರ ಬ್ಯಾರೆ ಕಂಪ್ನಿ ಸಾಹೇಬ್ರೂ ಇದನ್ನ ಹಿಡದಿದ್ರು. ಹಿಟ್ಟಿನ ಉಂಡಿ ಕಂಡ್ರ ತಾನ ಬರತೈತಿ” ಎಂದ.

“ಕ್ಯಾ ಬೋಲ್‌ರಾ?” ಎಂದು ಅಂಬಿಗನ ಮಾತಿನ ಅರ್ಥ ಕೇಳಿದರು ಕನ್ನಡ ಬಾರದ ಮ್ಯಾನೇಜರು. ತಂಡದಲ್ಲಿ ಕನ್ನಡ ಬಲ್ಲವನು, ಹೈದರಾಬಾದಿನ ಮಲ್ಕಾಜ್‌ಗಿರಿಯ ಕನ್ನಡ ಮನೆಯಲ್ಲಿ ಬೆಳೆದ ನಾನೊಬ್ಬನೇ. ಮುಂದಿನ ವಾರವೇ ಮ್ಯಾನೇಜರು ನಮ್ಮ ಪ್ರಮೋಷನ್ ಪಟ್ಟಿಗೆ ಸಹಿ ಹಾಕುವವರಿದ್ದರು.

“ಇಂಥ ಮೀನು ಇದುವರೆಗೆ ಯಾರಿಗೂ ಸಿಕ್ಕಿಲ್ಲವಂತೆ ಸರ್” ಎಂದು ಹಿಂದಿಯಲ್ಲಿ ಹೇಳಿದೆ. ಅಂಬಿಗನಿಗೂ ಹಿಂದಿ ಬರುತ್ತಿತ್ತೇನೋ, ಮುಖ ತಿರುಗಿಸಿ ನಕ್ಕ.

ಪ್ರಮೋಷನ್ ಸಿಕ್ಕಿತು. ಆ ಫೋಟೊ ಈಗ ಆಫೀಸಿನಲ್ಲಿ ನನ್ನ ಮೇಜಿನೆದುರಿನ ಗೋಡೆಯ ಮೇಲಿದೆ. ಮೀನು ಕಣ್ಣಿಗೆ ಬಿದ್ದಾಗಲೆಲ್ಲ ನನ್ನ ಕೈ ತಾನಾಗಿಯೇ ನನ್ನ ತುಟಿಯನ್ನೊಮ್ಮೆ ಮುಟ್ಟಿ ನೋಡಿಕೊಳ್ಳುತ್ತದೆ.