ಬೂದುಗುಂಬಳಕಾಯಿ ಮತ್ತು ಅಪ್ಪನ ರಕ್ಷಣೆ

ನನ್ನ ಅಪ್ಪ ತನ್ನ ರಕ್ಷಣೆಯನ್ನು ಕಳೆದುಕೊಂಡದ್ದು ಒಂದು ಆಯುಧಪೂಜೆಯ ದಿನ, ಬೆಳಿಗ್ಗೆ ಹನ್ನೊಂದು ಗಂಟೆಯ ಸುಮಾರಿಗೆ, ಯಶವಂತಪುರದ ಹತ್ತಿರದ ಒಂದು ತಗಡಿನ ಶೆಡ್ಡಿನಲ್ಲಿ. ಸಮಯ, ಸ್ಥಳ ಎರಡನ್ನೂ ಹೇಳಿದವನು ಅವನೇ. ಪರ್ಸು ಕಳೆದುಕೊಂಡವರು ಕೂಡ ಇಷ್ಟು ಖಚಿತವಾಗಿ ಹೇಳಲಾರರು.

ನಾವು ಕ್ರೈಸ್ತರು. ಮನೆ ಅಲ್ಲಾಳಸಂದ್ರದ ಕೆರೆ ಕಡೆ, ಚರ್ಚು ಯಲಹಂಕದಲ್ಲಿ. ನೂರು ಜನ ಸೇರಿದರೆ ಫ್ಯಾನು ಸಾಲದಾಗುವ ಸಣ್ಣ ಕನ್ನಡ ಸಭೆ. ರಕ್ಷಣೆ ಅನ್ನುವ ಮಾತು ನಮ್ಮ ಮನೆಯಲ್ಲಿ ಉಪ್ಪು, ಸಕ್ಕರೆಯಷ್ಟೇ ಸಲೀಸು. ಯೇಸುವನ್ನು ನಂಬಿದವನ ಪಾಪ ಕ್ಷಮೆಯಾಗಿ, ಅವನು ದೇವರ ಮನೆಯವನೇ ಆಗಿಬಿಡುತ್ತಾನೆ ಎಂಬಲ್ಲಿಯವರೆಗೆ ನಮ್ಮವರೆಲ್ಲರದೂ ಒಂದೇ ಮಾತು. ಹಾಗೆ ಸಿಕ್ಕಿದ್ದು ಆಮೇಲೆ ಕೈತಪ್ಪಿ ಹೋಗಬಹುದೇ ಎಂದು ಯಾರಾದರೂ ಕೇಳಿದರೋ, ಊಟ ಅರ್ಧಕ್ಕೇ ನಿಲ್ಲುತ್ತದೆ.

ಅಪ್ಪ ಲೇತ್ ಮೆಷೀನಿನ ಕೆಲಸಗಾರ. ಒಂದೇ ಶೆಡ್ಡಿನಲ್ಲಿ ಮೂವತ್ತು ವರ್ಷ ಕಬ್ಬಿಣ ಕಡೆದವನು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಆ ಚಾಳಿಯನ್ನು ಅವನು ಚರ್ಚಿಗೂ ತಂದಿದ್ದ. ತಿಂಗಳ ಮೊದಲನೆಯ ಭಾನುವಾರ ನಮ್ಮಲ್ಲಿ ಕರ್ತನ ಭೋಜನ. ಯೇಸುವಿನ ಮರಣದ ನೆನಪಿಗೆ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಆ ರೊಟ್ಟಿಯನ್ನು ಕತ್ತರಿಸುವುದು ಅಪ್ಪನ ಸೇವೆ. ಶನಿವಾರ ಸಂಜೆ ಅಯ್ಯಂಗಾರ್ ಬೇಕರಿಯಿಂದ ಬ್ರೆಡ್ಡು ತಂದು, ಕೈಕಾಲು ತೊಳೆದು, ಸ್ಟೀಲ್ ಸ್ಕೇಲು ಹಿಡಿದು ಕೂರುತ್ತಿದ್ದ. ಎಲ್ಲ ತುಂಡೂ ಒಂದೇ ಅಳತೆ. ಕರ್ತನ ಮೇಜಿನಲ್ಲಿ ಒಬ್ಬರಿಗೆ ದೊಡ್ಡದು, ಒಬ್ಬರಿಗೆ ಚಿಕ್ಕದು ಆಗಬಾರದು ಎನ್ನುತ್ತಿದ್ದ. ಉಳಿದ ಅಂಚುಗಳು ನಮ್ಮ ಕಾಫಿಗೆ.

ದ್ರಾಕ್ಷಾರಸ ಅಮ್ಮನ ಖಾತೆ. ಹಣ್ಣು ಬರುತ್ತಿದ್ದದ್ದು ಅಪ್ಪನ ಶೆಡ್ಡಿನ ಮಾಲೀಕರ ಮನೆಯಿಂದ. ಅವರು ಹುಣಸಮಾರನಹಳ್ಳಿಯ ಗೌಡರು. ಜಮೀನು ಹೋದ ಕಡೆಯೆಲ್ಲ ಈಗ ಅಪಾರ್ಟ್‌ಮೆಂಟು ಎದ್ದಿದ್ದರೂ ಮನೆಯ ಹಿಂದಿನ ಕಪ್ಪು ದ್ರಾಕ್ಷಿಯ ಚಪ್ಪರವೊಂದನ್ನು ಅವರು ಯಾವ ಬಿಲ್ಡರಿಗೂ ಮುಟ್ಟಗೊಟ್ಟಿರಲಿಲ್ಲ. ಹಣ್ಣಿನ ಕಾಲಕ್ಕೆ ಅಪ್ಪ ಹೋಗಿ ಒಂದು ಬುಟ್ಟಿ ತರುತ್ತಿದ್ದ. ಅಮ್ಮ ಸಕ್ಕರೆ ಹಾಕಿ ಕುದಿಸಿ, ಸೋಸಿ, ಬಾಟಲಿಗೆ ತುಂಬುತ್ತಿದ್ದಳು. ವೈನೆಂದು ಹೆಸರು, ಕುಡಿದರೆ ಶರಬತ್ತು.

ಇನ್ನು ಆಯುಧಪೂಜೆ. ಶೆಡ್ಡಿನಲ್ಲಿ ಐದು ಮೆಷೀನು. ಹಿಂದಿನ ದಿನ ಅವನ್ನೆಲ್ಲ ಎಣ್ಣೆ ಹಾಕಿ ಒರೆಸುವುದರಲ್ಲಿ ಅಪ್ಪನೇ ಮುಂದು. ಪೂಜೆಯ ಹೊತ್ತಿಗೆ ಮಾತ್ರ "ಟೀ ಕುಡ್ಕೊಂಡ್ ಬರ್ತೀನಿ" ಎಂದು ಹೊರಗೆ ಹೋಗುತ್ತಿದ್ದ. ಬೇರೆ ದೇವರ ಪೂಜೆಗೆ ಕೈ ಹಾಕುವುದು, ಅದರ ಪ್ರಸಾದ ತಿನ್ನುವುದು ನಮ್ಮವರಿಗೆ ಪಾಪ. ಮೂವತ್ತು ವರ್ಷವೂ ಅದೇ ಟೀ. ಅದು ಎಂಥ ಟೀ ಎಂದು ಗೌಡರಿಗೆ ಗೊತ್ತಿತ್ತು, ಅವರಿಗೆ ಗೊತ್ತೆಂದು ಅಪ್ಪನಿಗೂ ಗೊತ್ತಿತ್ತು. ಪುರಿ, ಬೂಂದಿಯ ಒಂದು ಪೊಟ್ಟಣವನ್ನು ಅವರು ಪೂಜೆಗೆ ಮೊದಲೇ ಎತ್ತಿಟ್ಟಿರುತ್ತಿದ್ದರು. "ಇದು ನಿಮ್ಮನೇಗೆ ಮೇಸ್ತ್ರಿ, ಪೂಜೆಗೆ ಇಟ್ಟಿಲ್ಲ" ಎಂದು ಕೊಡುತ್ತಿದ್ದರು. ನಾನು ಆ ಬೂಂದಿ ತಿಂದೇ ಬೆಳೆದವಳು.

ಆ ವರ್ಷ ಹಬ್ಬಕ್ಕೆ ನಾಲ್ಕು ದಿನ ಮುಂಚೆ ಗೌಡರ ದೊಡ್ಡಪ್ಪ ತೀರಿಕೊಂಡರು. ಮನೆಯವರಿಗೆಲ್ಲ ಸೂತಕ, ಪೂಜೆ ಮಾಡುವ ಹಾಗಿಲ್ಲ. ಶೆಡ್ಡಿನಲ್ಲಿದ್ದ ಇನ್ನೊಬ್ಬ ಕೆಲಸಗಾರ ಗೌಡರ ದಾಯಾದಿಯೇ, ಅವನಿಗೂ ಸೂತಕ. ಮತ್ತಿಬ್ಬರು ಒಡಿಶಾದಿಂದ ಬಂದು ತಿಂಗಳಾಗಿತ್ತಷ್ಟೆ. ಗೌಡರು ಗೇಟಿನ ಹೊರಗೇ ನಿಂತು, ಟೀಗೆ ಹೊರಟಿದ್ದ ಅಪ್ಪನನ್ನು ಕರೆದರಂತೆ.

"ಮೇಸ್ತ್ರಿ, ಪೂಜೆ ಇಲ್ದೆ ಸ್ವಿಚ್ ಆಕಕ್ಕೆ ನಂಗ್ ಧೈರ್ಯ ಬರ್ತಿಲ್ಲ. ಇಲ್ಲಿ ವಯಸ್ಸಲ್ಲಿ ಇರೀರು ಅಂದ್ರೆ ನೀವೇ. ನಿಮ್ ಕೈಯಿಂದ್ಲೇ ಆಗ್ಲಿ. ಯಾವ ದೇವ್ರಾದ್ರೇನು, ಕೈ ಒಳ್ಳೇದಿದ್ರೆ ಸಾಕು."

ಅಪ್ಪ "ಗೌಡ್ರೇ, ನಾನು..." ಎಂದು ಶುರು ಮಾಡಿದನಂತೆ. ಗೌಡರ ಮುಖ ಅಳುವ ಹಾಗಿತ್ತಂತೆ. ಅಪ್ಪನಿಗೆ ಇಲ್ಲ ಅನ್ನುವುದು ಹುಟ್ಟಿನಿಂದಲೇ ಬರುವುದಿಲ್ಲ. ಐದೂ ಮೆಷೀನಿಗೆ ಕುಂಕುಮ ಇಟ್ಟ, ಹಾರ ಹಾಕಿದ, ಕರ್ಪೂರ ಹಚ್ಚಿದ, ಬೂದುಗುಂಬಳಕಾಯಿ ನಿವಾಳಿಸಿ ಹೊಸ್ತಿಲ ಮುಂದೆ ಒಡೆದ. ಸಂಜೆ ಮನೆಗೆ ಬಂದು ಇಷ್ಟನ್ನೂ ಹೇಳಿ, ಬೂಂದಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟು, "ನನ್ ಕಥೆ ಮುಗೀತು ಕಣೇ" ಎಂದ.

ಅಮ್ಮ ಮೊದಲು ನಕ್ಕಳು. ಅವನು ನಗದೇ ಇದ್ದದ್ದನ್ನು ನೋಡಿ ಪೊಟ್ಟಣವನ್ನು ಒಳಗೆ ಒಯ್ದಳು.

ಮುಂದಿನ ತಿಂಗಳ ಮೊದಲ ಶನಿವಾರ ಅಪ್ಪ ಚಾಕು ಮುಟ್ಟಲಿಲ್ಲ. ಅಮ್ಮನೇ ಕತ್ತರಿಸಿದಳು. ಅವಳ ಕೈಯ ತುಂಡುಗಳು ಸಾಂಬಾರಿಗೆ ಹೆಚ್ಚಿದ ಹಾಗೆ ಇದ್ದವು. ಮರುದಿನ ದಪ್ಪ ತುಂಡು ಸಿಕ್ಕ ಸಭೆಯ ಹಿರಿಯರೊಬ್ಬರಿಗೆ ಆಮೆನ್ ಹೇಳಲು ಬಾಯಿ ಖಾಲಿಯಾಗಲು ಕಾಯಬೇಕಾಯಿತು. ನನಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ರೊಟ್ಟಿಯ ತಟ್ಟೆ ನಮ್ಮ ಬೆಂಚಿಗೆ ಬಂತು. ಅಪ್ಪ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದ. ತಟ್ಟೆಯನ್ನು ಅವನ ಮುಂದಿನಿಂದ ನಾನೇ ದಾಟಿಸಬೇಕಾಯಿತು. ನಗು ಎಲ್ಲಿ ಹೋಯಿತೋ ಗೊತ್ತಿಲ್ಲ.

ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸುವುದನ್ನೂ ಬಿಟ್ಟ. ನಾನಾಗ ಬಿ.ಎಡ್. ಮುಗಿಸಿ ಮನೆಯಲ್ಲೇ ಕೂತಿದ್ದೆನಾದ್ದರಿಂದ ಮಕ್ಕಳು ನನ್ನ ಪಾಲಿಗೆ ಬಂದರು. "ಅಂಕಲ್‌ಗೆ ಹುಷಾರಿಲ್ವಾ ಅಕ್ಕಾ?" ಎಂದು ಕೇಳುತ್ತಿದ್ದರು. ಹೌದು ಎಂದರೆ ಸುಳ್ಳು, ಇಲ್ಲ ಎಂದರೂ ಸುಳ್ಳು. ಬಣ್ಣದ ಪೆನ್ಸಿಲ್ ಹಂಚಿ ತಪ್ಪಿಸಿಕೊಳ್ಳುತ್ತಿದ್ದೆ.

ಸುದ್ದಿ ಆರ್.ಟಿ. ನಗರಕ್ಕೆ ಮುಟ್ಟಿತು. ಅಲ್ಲಿ ನನ್ನ ಅತ್ತೆ, ಅಪ್ಪನ ಅಕ್ಕ ಇರುವುದು. ಅವಳ ಸಭೆ ಬೇರೆ. ಹಾರ್ಡ್‌ವೇರ್ ಅಂಗಡಿಯ ಮೇಲಿನ ಹಾಲಿನಲ್ಲಿ ನಡೆಯುತ್ತದೆ, ಡ್ರಮ್ಸ್ ಇದೆ. ಬಂದವಳೇ ಚಪ್ಪಲಿ ಬಿಡುತ್ತಲೇ ತೀರ್ಪು ಕೊಟ್ಟಳು.

"ಹೋಯ್ತು ಕಣೋ. ಗೊತ್ತಿದ್ದೂ ಗೊತ್ತಿದ್ದೂ ಮಾಡಿದ್ದೀಯ. ನಮ್ಮ ಸಭೆಗೆ ಬಾ, ಅತ್ತು ಪಶ್ಚಾತ್ತಾಪ ಪಡು, ಇನ್ನೊಂದ್ಸಲ ನೀರಲ್ಲಿ ಮುಳುಗಿ ದೀಕ್ಷಾಸ್ನಾನ ತಗೋ."

"ಅದ್ಹೇಗ್ ಹೋಗುತ್ತೆ ಅತ್ತಿಗೆ?" ಎಂದು ಅಮ್ಮ ಅಡುಗೆಮನೆಯಿಂದಲೇ ಎದ್ದಳು. "ಒಂದ್ಸಲ ಮಗ ಅಂದ್ಮೇಲೆ ಮಗಾನೇ. ತಪ್ಪು ಮಾಡಿದ್ರೆ ಎರಡು ಬೀಳುತ್ತೆ, ಮನೆಯಿಂದ ಆಚೆಗ್ ಹಾಕ್ತಾರಾ?"

"ಮಗಾನೇ ಮನೆ ಬಿಟ್ಟು ಹೋದ್ರೆ?"

"ಇವ್ರೆಲ್ಲಿ ಹೋಗಿದ್ದಾರೆ? ಇಲ್ಲೇ ಕೂತಿದ್ದಾರಲ್ಲ!"

ಇಬ್ಬರ ಕೈಯಲ್ಲೂ ಬೈಬಲ್ಲು. ಇಬ್ಬರಿಗೂ ಬೇಕಾದ ವಚನ ಬೇಕಾದಷ್ಟಿತ್ತು. ಅಪ್ಪ ಮಾತ್ರ ಇಬ್ಬರು ಡಾಕ್ಟರುಗಳ ನಡುವೆ ಸಿಕ್ಕ ರೋಗಿಯಂತೆ ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡುತ್ತಿದ್ದ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಗೆಲ್ಲುವ ಭರದಲ್ಲಿ ಅವರಿಬ್ಬರೂ ಅಪ್ಪನ ಟೀಯನ್ನು ತಣ್ಣಗಾಗಲು ಬಿಟ್ಟಿದ್ದರು.

ಅಯ್ಯನವರನ್ನೂ, ಎಂದರೆ ನಮ್ಮ ಸಭಾಪಾಲಕರನ್ನೂ, ಕೇಳಿ ಆಯಿತು. ತುಂಬ ಒಳ್ಳೆಯ ಮನುಷ್ಯ. ನಿಜವಾದ ರಕ್ಷಣೆ ಕಳೆದುಹೋಗುವುದಿಲ್ಲ ಎಂದು ಶುರುಮಾಡಿ, ಆದರೆ ನಿಜವಾದದ್ದೋ ಅಲ್ಲವೋ ಎಂದು ಪ್ರತಿಯೊಬ್ಬರೂ ಪರೀಕ್ಷಿಸಿಕೊಳ್ಳಬೇಕು ಎಂದು ಮುಂದುವರಿದು, ಆದರೂ ಭಯಪಡಬೇಕಾಗಿಲ್ಲ ಎಂದು ತಿರುಗಿ, ಎಚ್ಚರ ಮಾತ್ರ ತಪ್ಪಬಾರದು ಎಂದು ಮುಗಿಸಿದರು. ಹೆಬ್ಬಾಳದ ಫ್ಲೈಓವರ್ ಹತ್ತಿದ ಹಾಗಾಯಿತು. ಹತ್ತಿದ್ದು ಗೊತ್ತು, ಎಲ್ಲಿ ಇಳಿದೆವೆಂದು ಮನೆಗೆ ಬಂದ ಮೇಲೂ ತಿಳಿಯಲಿಲ್ಲ.

ಕ್ರಿಸ್‌ಮಸ್ ಬಂತು. ಅಪ್ಪ ನಕ್ಷತ್ರ ಕಟ್ಟಿದ, ಕೇಕು ಹಂಚಿದ, ಹೊಸ ಅಂಗಿ ಹಾಕಿದ. ಚರ್ಚಿನಲ್ಲಿ ಎಲ್ಲರೂ ಎದ್ದು ಹಾಡುವಾಗ ತಿರುಗಿ ನೋಡಿದೆ. ಅವನೂ ಎದ್ದು ನಿಂತಿದ್ದ, ಪುಸ್ತಕವೂ ತೆರೆದಿತ್ತು, ಬಾಯಿ ಮಾತ್ರ ಮುಚ್ಚಿತ್ತು. ಚಿಕ್ಕವಳಿದ್ದಾಗ ಆ ಬಾಯಿಯ ಪಕ್ಕ ನಿಂತೇ ನಾನು ಹಾಡಲು ಕಲಿತದ್ದು. ಬಾತ್‌ರೂಮಿಗೆ ಹೋಗಿ ಅತ್ತು ಬಂದೆ. ನನ್ನ ಅಪ್ಪ ದೇವರ ಮನೆಯಲ್ಲಿ ಬಾಡಿಗೆದಾರನ ಹಾಗೆ ನಿಂತದ್ದನ್ನು ನನಗೆ ಸಹಿಸಲಾಗಲಿಲ್ಲ.

ಹೊಸ ವರ್ಷ ಕಳೆದು ದ್ರಾಕ್ಷಿ ಹಣ್ಣಾಯಿತು. ಅಪ್ಪ ಬುಟ್ಟಿ ತೆಗೆದುಕೊಂಡು ಹೊರಡಲಿಲ್ಲ. ಅಮ್ಮನ ಬಾಟಲಿಯಲ್ಲಿ ಹಳೆಯ ರಸ ತಳ ಕಂಡಿತ್ತು. ಮರುದಿನ ಕರ್ತನ ಭೋಜನ ಇದ್ದ ಒಂದು ಶನಿವಾರ ಸಂಜೆ ಗೌಡರೇ ಸ್ಕೂಟರಿನ ಮುಂದೆ ಬುಟ್ಟಿ ಇಟ್ಟುಕೊಂಡು ಬಂದರು.

"ಏನ್ ಮೇಸ್ತ್ರಿ, ಈ ಸಲ ದ್ರಾಕ್ಷಿ ಬ್ಯಾಡ್ವಾ? ದಿನಾ ಶೆಡ್ಡಲ್ಲಿ ಸಿಕ್ತೀರ, ಬಾಯೇ ಬಿಡ್ನಿಲ್ಲ."

ಅಪ್ಪ ನೆಲ ನೋಡಿದ. ಅಮ್ಮ ಕಾಫಿ ತಂದಳು. ನನ್ನ ನಾಲಿಗೆಗೆ ಮೂಳೆಯಿಲ್ಲ ಎಂದು ಅಮ್ಮ ಹೇಳುವುದು ಸುಮ್ಮನೆ ಅಲ್ಲ. "ಅಪ್ಪ ಚರ್ಚಲ್ಲಿ ರೊಟ್ಟಿ ತಗೋತಿಲ್ಲ ಅಂಕಲ್. ಆಯುಧಪೂಜೆ ಮಾಡಿದ್ರಲ್ಲ, ಅದಕ್ಕೆ ದೇವರು ತನ್ನ ಕೈಬಿಟ್ಟ ಅಂತ ಕೂತಿದ್ದಾರೆ" ಎಂದುಬಿಟ್ಟೆ. ಅಮ್ಮ ಕಣ್ಣಲ್ಲೇ ನನ್ನನ್ನು ಸುಟ್ಟಳು.

ಗೌಡರು ಲೋಟ ಕೆಳಗಿಟ್ಟರು. "ಇದೇನ್ ಮೇಸ್ತ್ರಿ ಇಂಗಂತೀರಾ? ಅವತ್ತು ನೀವ್ ಮಾಡಿದ್ದು ನಂಗಿನ್ನೂ ಕಣ್ಗೆ ಕಟ್ಟಿದಂಗೈತೆ. ಕುಂಬ್ಳಕಾಯಿ ಕೈಲಿ ಇಡ್ಕಂಡು ಕಣ್ ಮುಚ್ಚಿದ್ರಿ. ತಂದೇ ಅಂತ ಕರುದ್ರಿ. ನಮ್ ದೊಡ್ಡಪ್ಪನ್ ಮನೇರ್ಗೆ ಸಮಾಧಾನ ಕೊಡು ಅಂದ್ರಿ. ಯಾರ್ ಬೆರಳೂ ಮಿಷಿನ್ಗೆ ಸಿಗ್ದಂಗೆ ಕಾಯಿ ಅಂದ್ರಿ. ಆಮೆನ್ ಅಂದ್ರಿ, ನಾವೂ ಎಲ್ರೂ ಆಮೆನ್ ಅಂದ್ವಿ. ಆಮೇಲೇ ಒಡುದ್ದು ನೀವು."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಯಶವಂತಪುರದ ಶೆಡ್ಡೊಂದರಲ್ಲಿ ಆಮೆನ್ ಹೇಳಿಸಿಕೊಂಡು ಒಡೆದ ಮೊದಲ ಬೂದುಗುಂಬಳಕಾಯಿ ಅದೇ ಇರಬೇಕು. ಅಪ್ಪನ ಬಾಯಿ ತೆರೆದೇ ಇತ್ತು. ಅವನಿಗೆ ಅದರಲ್ಲಿ ಒಂದು ಮಾತೂ ನೆನಪಿರಲಿಲ್ಲ. ಹೆದರಿಕೆಯಲ್ಲಿ ಕರ್ಪೂರ, ಕುಂಕುಮ ಮಾತ್ರ ನೆನಪಿಟ್ಟುಕೊಂಡಿದ್ದ. ಸದ್ಯ, ಗೆದ್ದೆವು ಎಂದುಕೊಂಡೆ ನಾನು.

ಅಪ್ಪ ತಲೆಯಾಡಿಸಿದ. "ಅದು ಬಾಯಿ ಅಭ್ಯಾಸ ಗೌಡ್ರೇ. ಊಟದ ತಟ್ಟೆ ಮುಂದೆ ಕೂತ್ರೂ ಬರುತ್ತೆ. ಮಾಡಿದ್ದು ಮಾಡಿದ್ದೇ."

ಗೌಡರ ಮುಖ ಇಳಿದುಹೋಯಿತು. ಎದ್ದು ನಿಂತರು. "ಅಂಗಾದ್ರೆ ಮಾಡ್ಸಿದ್ದು ನಾನಲ್ವಾ? ಮೂವತ್ತು ವರ್ಸ ನಿಮ್ನ ಟೀಗ್ ಕಳ್ಸಿ, ಕೊನೇಗ್ ನಾನೇ ನಿಮ್ ದೇವ್ರಿಂದ ನಿಮ್ನ ಬಿಡಿಸ್ಬುಟ್ನಾ ಮೇಸ್ತ್ರಿ?" ಎಂದರು. ಅರವತ್ತು ದಾಟಿದ ಮನುಷ್ಯ, ಕಂಡರೆ ಊರಲ್ಲಿ ಹತ್ತು ಜನ ಎದ್ದು ನಿಲ್ಲುವಂಥವರು, ಅಪ್ಪನ ಮುಂದೆ ಕೈ ಮುಗಿದರು. ಕಣ್ಣಲ್ಲಿ ನೀರಿತ್ತು.

ಅಪ್ಪ ಕುರ್ಚಿಯಿಂದ ಹಾರಿದ ಹಾಗೆ ಎದ್ದು ಆ ಕೈಗಳನ್ನು ಹಿಡಿದುಕೊಂಡ.

"ಅಯ್ಯೋ, ಕೈ ಮುಗೀಬೇಡಿ ಗೌಡ್ರೇ! ನೀವೇನೂ ಮಾಡಿಲ್ಲ. ನಮ್ಮ ದೇವ್ರು ಅಷ್ಟಕ್ಕೆಲ್ಲ ಬಿಟ್ಟು ಹೋಗೋನಲ್ಲ. ಹಂಗೆ ಬಿಡೋನಾಗಿದ್ರೆ ನನ್ನ ಯಾವತ್ತೋ ಬಿಟ್ಟಿರ್ತಿದ್ದ."

ಹೇಳಿ ನಿಂತ. ಗೌಡರ ಕೈ ಇನ್ನೂ ಅವನ ಕೈಯಲ್ಲೇ ಇತ್ತು. ತಾನು ಆಡಿದ್ದು ಅವನ ಕಿವಿಗೆ ಆಗಷ್ಟೇ ಬಿದ್ದ ಹಾಗಿತ್ತು. ಮೆಲ್ಲಗೆ ಕುರ್ಚಿಯಲ್ಲಿ ಕೂತ. ಅವನಿಗೆ ಯಾರು ಹೇಳಿದರೂ ಹಿಡಿಸದೇ ಹೋಗಿದ್ದ ಮಾತು ಇನ್ನೊಬ್ಬರ ಕಣ್ಣೀರು ಒರೆಸಲು ಹೋದಾಗ ತನ್ನ ಬಾಯಿಂದಲೇ ಬಂದಿತ್ತು, ಮತ್ತು ಅದು ಸುಳ್ಳೆಂದು ಗೌಡರೆದುರು ಹಿಂತೆಗೆದುಕೊಳ್ಳುವ ಹಾಗಿರಲಿಲ್ಲ.

ಜೀವಮಾನದಲ್ಲಿ ಕೊನೆಯ ಮಾತನ್ನು ಯಾರಿಗೂ ಬಿಟ್ಟುಕೊಡದ ಅಮ್ಮ ಆವತ್ತು ಅದನ್ನು ಅಪ್ಪನಿಗೇ ಬಿಟ್ಟಳು. ಗೌಡರು ಹೊರಟ ಮೇಲೆ ಒಳಗೆ ಹೋಗಿ ಬ್ರೆಡ್ಡು, ಚಾಕು, ಸ್ಟೀಲ್ ಸ್ಕೇಲು ತಂದು ಅಪ್ಪನ ಮುಂದಿಟ್ಟು, ದ್ರಾಕ್ಷಿ ತೊಳೆಯಲು ಹೋದಳು. ಅಪ್ಪ ಎದ್ದು ಕೈಕಾಲು ತೊಳೆದು ಬಂದ.

ರಕ್ಷಣೆ ಕಳೆದುಹೋಗಬಹುದೇ? ಅತ್ತೆ ಈಗಲೂ ಹೌದು ಎನ್ನುತ್ತಾಳೆ. ಅಪ್ಪ ಅತ್ತು ಪಶ್ಚಾತ್ತಾಪ ಪಡದೆ ಸುಲಭದಲ್ಲಿ ಪಾರಾದ ಎಂಬ ಬೇಸರ ಅವಳಿಗೆ. ನಾಲ್ಕು ತಿಂಗಳು ಅವನು ಹೇಗಿದ್ದ ಎಂದು ಅವಳು ನೋಡಲಿಲ್ಲ. ನಾನು ವಾದಕ್ಕೆ ಇಳಿಯುವುದಿಲ್ಲ. ನನಗೆ ವಚನಗಳಿಗಿಂತ ಆ ಭಾನುವಾರ ಚೆನ್ನಾಗಿ ಗೊತ್ತು.

ತಟ್ಟೆ ನಮ್ಮ ಬೆಂಚಿಗೆ ಬಂದಾಗ ನಾನು ಅದನ್ನು ದಾಟಿಸಲಿಲ್ಲ, ಅಪ್ಪನ ಮುಂದೆ ಹಿಡಿದೆ. ಅವನ ಕೈ ಅರ್ಧ ಬಂದು ನಿಂತಿತು. ನನ್ನ ಕಡೆ ತಿರುಗಿ, ಮಗುವಿನ ಹಾಗೆ, "ತಗೊಳ್ಳಾ?" ಎಂದು ಪಿಸುಗುಟ್ಟಿದ.

"ತಗೋ ಅಪ್ಪಾ" ಎಂದೆ.

ತೆಗೆದುಕೊಂಡ. ನಾನೂ ಒಂದು ತೆಗೆದುಕೊಂಡೆ. ಆಗ ನೋಡಿದೆ: ತಟ್ಟೆಯಲ್ಲಿ ಒಂದು ತುಂಡೂ ಇನ್ನೊಂದರ ಹಾಗಿರಲಿಲ್ಲ. ಮೂವತ್ತು ವರ್ಷ ಕೂದಲೆಳೆಯಷ್ಟೂ ತಪ್ಪದ ಕೈ ಹಿಂದಿನ ಸಂಜೆ ಅಷ್ಟು ನಡುಗಿತ್ತು. ನನ್ನ ಪಾಲಿನ ಸೊಟ್ಟ ತುಂಡನ್ನು ಬಾಯಿಗೆ ಹಾಕಿಕೊಂಡೆ. ಪಕ್ಕದಲ್ಲಿ ಅಪ್ಪ, ಯಾರೂ ಹಾಡು ಎತ್ತುವ ಮೊದಲೇ, ಹಾಡಲು ಶುರು ಮಾಡಿದ.