ಹುಳುಗಳು ಜ್ವರಕ್ಕೆ ಕೂತ ದಿನ

ನಾನು ಚಿಕ್ಕವನಿದ್ದಾಗ, ನಾನೊಂದು ಗಳಿಗೆ ಸುಮ್ಮನೆ ಕೂರುವುದು ಆಗದ ಮಾತು ಎಂದವಳು ಅಕ್ಕ. ಏಳನೇ ಕ್ಲಾಸು ಮುಗಿದಿತ್ತು. ಕೆ.ಆರ್. ಪೇಟೆಯ ಹೈಸ್ಕೂಲಿಗೆ ನನ್ನನ್ನು ಸೇರಿಸಬೇಕೋ ಬೇಡವೋ ಎಂದು ಅಪ್ಪ ಯೋಚಿಸುತ್ತಿದ್ದ. "ಇವ್ನು ಕುಂತು ಓದೋ ಗಂಡಲ್ಲ ಕಣಪ್ಪ. ಎಮ್ಮೆ ಮೇಯಿಸ್ಲಿ ಬುಡು" ಎಂದುಬಿಟ್ಟಳು ಅಕ್ಕ.

ಅಪ್ಪ ನನ್ನನ್ನು ರೇಷ್ಮೆ ಹುಳು ಸಾಕುವ ಕೋಣೆಗೆ ಕರೆದೊಯ್ದ. ಬೇರೆ ದಿನ ಅಲ್ಲಿ ಹುಳುಗಳು ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ತುಂತುರು ಬಿದ್ದಂತೆ ಕೇಳುತ್ತಿತ್ತು. ಅಂದು ಸದ್ದೇ ಇಲ್ಲ.

"ಜ್ವರಕ್ ಕುಂತವೆ. ಕಾಯ್ಲೆ ಅಲ್ಲ ಕಣ್ಲಾ, ಪೊರೆ ಬುಡೋಕ್ ಮುಂಚೆ ಇಂಗೇ ಕುಂತಿರ್ತವೆ. ಮುಟ್ಬ್ಯಾಡ, ಸೊಪ್ಪಾಕ್ಬ್ಯಾಡ, ಕೆಟ್ಟೋಯ್ತವೆ. ಗದ್ದೆಗೆ ನೀರ್ ಕಟ್ಟಿ ಬರೋಗಂಟ ನೀನೂ ಅಂಗೇ ಕುಂತಿರು. ಕುಂತ್ರೆ ಇಸ್ಕೂಲು, ಎದ್ರೆ ಎಮ್ಮೆ."

ಬಾಗಿಲು ಮುಚ್ಚಿತು. ಒದ್ದೆ ಗೋಣಿತಾಟಿನ ವಾಸನೆ. ಬಿದಿರು ತಟ್ಟೆಗಳ ತುಂಬ ಹುಳುಗಳು ತಲೆಯೆತ್ತಿಕೊಂಡು ಅಲುಗದೆ ಇದ್ದವು. ಸುಮ್ಮನೆ ಕೂರುವುದೆಂದರೆ ಏನು ಮಾಡುವುದು? ನನಗೆ ತಿಳಿಯಲಿಲ್ಲ. ತಟ್ಟೆ ಎಣಿಸಿದೆ, ಲೆಕ್ಕ ತಪ್ಪಿತು. ಕಿವಿ ತುರಿಸಿತು. ಕಾಲು ಜೋಮು ಹಿಡಿಯಿತು. ಇವು ಸತ್ತೇ ಹೋಗಿವೆ, ಅಪ್ಪನಿಗೆ ಗೊತ್ತಾಗಿಲ್ಲ ಅನ್ನಿಸಿತು. ಕೈಗೆಟುಕುವ ಬುಟ್ಟಿಯಿಂದ ಒಂದು ಹಿಡಿ ಸೊಪ್ಪು ತೆಗೆದುಕೊಂಡೆ. ಹಾಕಿದರೆ ಕೆಡುತ್ತವೆ, ಹಾಕದಿದ್ದರೆ ಹಸಿದು ಸಾಯುತ್ತವೆ. ಯಾವುದು ನಿಜ? ಸೊಪ್ಪನ್ನು ಹಿಡಿದುಕೊಂಡೇ ಒಂದೇ ಒಂದು ಹುಳುವನ್ನು ನೋಡುತ್ತ ಕೂತೆ. ಯಾವಾಗಲೋ ಭುಜ ಇಳಿಯಿತು, ಉಸಿರು ಇಳಿಯಿತು. ಕಿವಿಯ ತುರಿಕೆ ಎಲ್ಲಿ ಹೋಯಿತೋ.

ಅಪ್ಪ ಬಂದಾಗ ಕಿಂಡಿಯ ಬಿಸಿಲು ನನ್ನ ಕಾಲ ಮೇಲಿಂದ ಎದುರು ಗೋಡೆಗೆ ಹೋಗಿತ್ತು.

"ನಿದ್ದೆ ಒಡುದ್ಯೇನ್ಲಾ?"

"ಗೊತ್ತಿಲ್ಲ ಕಣಪ್ಪ."

ನನ್ನ ಮುಷ್ಟಿಯಲ್ಲಿ ಬಾಡಿದ್ದ ಸೊಪ್ಪು ನೋಡಿ ಅಪ್ಪ "ಸರಿ, ಇಸ್ಕೂಲೇ" ಎಂದ. ಮರುದಿನ ಹುಳುಗಳು ಎದ್ದು ಮೇಯತೊಡಗಿದವು. ನಾನು ಹೈಸ್ಕೂಲಿಗೆ ಹೋದೆ. ನಮ್ಮ ಮನೆಯ ಮೊದಲ ಡಿಗ್ರಿ ನನ್ನದೇ. ಪರೀಕ್ಷೆಯಲ್ಲಿ ತಲೆ ಗಿರ್ರೆಂದಾಗೆಲ್ಲ ಆ ಹುಳುವನ್ನು ನೆನೆದು ಕೂತಿದ್ದೇನೆ. ಹಾಗೆ ಕೂರುವುದನ್ನು ಏನೆಂದು ಕರೆಯಬೇಕೋ ಯಾರೂ ಹೇಳಿಕೊಟ್ಟಿರಲಿಲ್ಲ.

ನಿಮಗಾದರೋ ಮಕ್ಕಳೇ, ಸ್ಕೂಲಿನಲ್ಲೇ ಧ್ಯಾನಕ್ಕೆ ಚಾಪೆ ಇದೆ, ಕಲಿಸಲು ಮೇಡಂ ಇದ್ದಾರೆ. ಮೊನ್ನೆ ನನ್ನ ಮೊಮ್ಮಗಳು ಧ್ಯಾನ ಶಿಬಿರದ ಸರ್ಟಿಫಿಕೇಟು ತಂದು ನನ್ನ ಕೈಗಿಟ್ಟು, "ತಾತ, ಕಣ್ಣು ಮುಚ್ಚಿದ್ರೆ ಏನ್ ಕಾಣ್ಬೇಕಿತ್ತು?" ಎಂದಳು.

ಪಕ್ಕದಲ್ಲಿದ್ದ ಅಕ್ಕ ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಸುಮ್ಕೆ ಕುಂತಿದ್ಕೂ ಕಾಗ್ದ ಕೊಡ್ತಾರಾ? ಅಂಗಾದ್ರೆ ನಿಮ್ತಾತನ್ಗೂ ಒಂದ್ ಬರಿಯವ್ವ. ನಾನು ಎಬ್ಬೆಟ್ಟು ಒತ್ತಿಕೊಡ್ತೀನಿ."