ಹಣ್ಣಾದ ಹುಳ

ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗಿದೆಯೆಂದು ಅಕ್ಕ ಪ್ರತಿ ಬೆಳೆಯಲ್ಲೂ ಬಾಗಿಲಲ್ಲಿ ನಿಂತೇ ಗುರುತಿಸಿ ಹೇಳುತ್ತಿದ್ದಳು: "ಏಳ್ರೋ, ಗೂಡು ಕಟ್ಟಕ್ಕೆ ಚಂದ್ರಿಕೆ ತನ್ರೋ!" ಹುಳ ಬಿಡುವ ಆ ಬಿದಿರ ತಟ್ಟಿಗಳನ್ನು ನಾವು ಹೊತ್ತು ತರುತ್ತಿದ್ದೆವು.

ಒಂದು ವರ್ಷ ಅವಳಿಗೆ ಮಂಕು ಕವಿಯಿತು. ಸೊಪ್ಪು ಹಾಕಿದೆನೋ ಇಲ್ಲವೋ ಎಂದು ಹುಳುವಿನ ತಟ್ಟೆಯ ಮುಂದೆ ನಿಂತೇ ಇರುತ್ತಿದ್ದಳು. ಒಂದು ಸಂಜೆ ನಾನು ಹಾರೋಹಳ್ಳಿ ಫ್ಯಾಕ್ಟರಿಯಿಂದ ಬಂದಾಗ ಚಂದ್ರಿಕೆಗೆ ಬಿಡದ ಹುಳುಗಳು ಸೊಪ್ಪಿನಲ್ಲೇ ಗೂಡು ಕಟ್ಟಿ ಹಾಳಾಗುತ್ತಿದ್ದವು. "ಸೋಮಾರಿ!" ಎಂದು ನೆರೆಯವರ ಮುಂದೆಯೇ ಕೂಗಿದೆ.

"ಕಾಣ್ತಿತ್ತು ಕಣ್ಲಾ. ಯಾವ್ದು ಮೊದ್ಲು ಮಾಡ್ಬೇಕು ಅಂತ ಹೊಳೀಲಿಲ್ಲ," ಎಂದಳು.

ಅದು ಖಿನ್ನತೆ, ಯೋಚನೆಯನ್ನೇ ನಿಧಾನ ಮಾಡುವ ಕಾಯಿಲೆ ಎಂದು ರಾಮನಗರದ ಡಾಕ್ಟರು ಹೇಳಿದರು. ಮಾತ್ರೆ ಶುರುವಾಯಿತು, ನಾವೂ ಅವಳಿಗೆ ಒಂದೊಂದೇ ಕೆಲಸ ಹೇಳತೊಡಗಿದೆವು.

ಎರಡು ಬೆಳೆ ಕಳೆದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ನನ್ನ ಚಾಪೆ ಎಳೆದಳು: "ಹುಳ ಹಣ್ಣಾಗವೆ, ಏಳ್ಲಾ ಸೋಮಾರಿ!"

ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ತಪ್ಪಾಯ್ತು ಅಕ್ಕ ಎನ್ನುವುದನ್ನು ಮಾತ್ರ ಅಂದೂ ನುಂಗಿಕೊಂಡು, ಚಂದ್ರಿಕೆ ಹೊತ್ತು ತಂದೆ.